ತರಬೇತಿಯ ಮದ್ದಿಗೆ ಬಗ್ಗದ ಕಾಯಿಲೆ

ಸರ್ಕಾರಿ ಶಾಲೆಯ ಶಿಕ್ಷಕರು ಮೊಬೈಲ್ ಕೆಲಸದಿಂದ ಹೈರಾಣಾಗಿದ್ದಾರೆ ಎಂಬ ಮಾತು ಎಲ್ಲಿ ಎದ್ದರೂ ಅದಕ್ಕೊಂದು ಸಿದ್ಧ ಉತ್ತರ ಕಾದಿರುತ್ತದೆ. ಮೇಷ್ಟ್ರುಗಳಿಗೆ ತಂತ್ರಜ್ಞಾನವೆಂದರೆ ಅಂಜಿಕೆ, ವಯಸ್ಸಾದವರು ಹೊಸತಕ್ಕೆ ಹೊಂದಿಕೊಳ್ಳುವುದಿಲ್ಲ, ಇನ್ನೆರಡು ಸುತ್ತು ತರಬೇತಿ ಕೊಟ್ಟರೆ ಎಲ್ಲ ಸರಿಹೋಗುತ್ತದೆ. ಕಣ್ಣುರಿ, ಕತ್ತುನೋವು, ನಿದ್ದೆಗೇಡು ಎಂದವರು ಬೆಳಿಗ್ಗೆ ಅರ್ಧ ಗಂಟೆ ಯೋಗ ಮಾಡಲಿ, ರಾತ್ರಿ ಮೊಬೈಲ್ ದೂರ ಇಡಲಿ. ಇಲಾಖೆಯ ಸಭೆಗಳಲ್ಲಿ, ತರಬೇತಿ ಕೇಂದ್ರಗಳಲ್ಲಿ, ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ, ಶಿಕ್ಷಣ ತಂತ್ರಜ್ಞಾನದ ಕಂಪನಿಗಳ ಪ್ರಚಾರದಲ್ಲಿ ಇದೇ ಉತ್ತರ ಬೇರೆ ಬೇರೆ ಮಾತುಗಳಲ್ಲಿ ಬರುತ್ತದೆ. ಶಿಕ್ಷಕರ ಹಿತ ಬಯಸುವ ಅನೇಕರೂ ಇದನ್ನೇ ನಂಬಿದ್ದಾರೆ.

ಈ ನಂಬಿಕೆ ಬುಡದಲ್ಲೇ ತಪ್ಪು ಎಂಬುದು ನನ್ನ ವಾದ. ಎಷ್ಟು ಕೆಲಸ, ಯಾವ ಹೊತ್ತಿನಲ್ಲಿ, ಯಾರ ಹತೋಟಿಯಲ್ಲಿ ಎಂಬ ಮೂರೂ ಸಂಗತಿಗಳು ಶಿಕ್ಷಕರ ಕೈತಪ್ಪಿ ಹೋಗಿವೆ. ಅವರ ಆರೋಗ್ಯ ಕೆಡುತ್ತಿರುವುದು ಅಲ್ಲಿಂದ. ಮೊಬೈಲ್ ಇದಕ್ಕೆ ದಾರಿ ಮಾಡಿಕೊಟ್ಟಿತು, ನಿಜ. ಆದರೆ ಆ ದಾರಿಯಲ್ಲಿ ಹೊರೆ ಸಾಗಿಸಿದ್ದು ಆಡಳಿತ. ರೋಗ ಕಚೇರಿಯಲ್ಲಿದ್ದರೂ ಮದ್ದನ್ನು ಶಾಲೆಯಲ್ಲಿ ಕುಡಿಸಲಾಗುತ್ತಿದೆ.

ಮೊದಲು ಕೆಲಸ ಹೇಗಿದೆ ನೋಡೋಣ. ಮಲೆನಾಡಿನಲ್ಲಿ ಇಬ್ಬರೇ ಶಿಕ್ಷಕರಿರುವ ಒಂದು ಕಿರಿಯ ಪ್ರಾಥಮಿಕ ಶಾಲೆ ಎಂದುಕೊಳ್ಳಿ. ಒಬ್ಬರು ಒಂದರಿಂದ ಮೂರರವರೆಗಿನ ನಲಿ-ಕಲಿ ಮಕ್ಕಳೊಂದಿಗೆ ಕೂರುತ್ತಾರೆ. ಇನ್ನೊಬ್ಬರು ನಾಲ್ಕು, ಐದನೇ ತರಗತಿಗೆ ಪಾಠ ಮಾಡುತ್ತಾರೆ, ಮುಖ್ಯಶಿಕ್ಷಕರೂ ಅವರೇ. ಪ್ರಾರ್ಥನೆ ಮುಗಿಯುತ್ತಲೇ ಕ್ಷೀರಭಾಗ್ಯದ ಹಾಲು ಹಂಚಬೇಕು. ಮಧ್ಯಾಹ್ನದ ಊಟಕ್ಕೆ ಎಷ್ಟು ಮಕ್ಕಳು, ಮೊಟ್ಟೆ ತಿನ್ನುವವರೆಷ್ಟು, ಮೊಟ್ಟೆ ಒಲ್ಲದೆ ಬಾಳೆಹಣ್ಣು ಕೇಳುವವರೆಷ್ಟು ಎಂಬ ಲೆಕ್ಕ ಕೊಡಬೇಕು. ಮೊಬೈಲ್ ಇರುವುದು ಕಿಟಕಿಯ ಕಟ್ಟೆಯ ಮೇಲೆ, ಏಕೆಂದರೆ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಮಕ್ಕಳ ಮಾಹಿತಿ ತುಂಬುವ ಸ್ಯಾಟ್ಸ್ ತಂತ್ರಾಂಶದ ಪುಟ ತೆರೆಯಲು ಚಕ್ರ ಸುತ್ತುತ್ತಿರುತ್ತದೆ. ಅಷ್ಟರಲ್ಲಿ ಸುತ್ತಲಿನ ಶಾಲೆಗಳ ಕ್ಲಸ್ಟರ್‌ನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಂದೇಶ ಬೀಳುತ್ತದೆ: ಎಲ್ಲಾ ಮುಖ್ಯಶಿಕ್ಷಕರ ಗಮನಕ್ಕೆ, ಅತಿ ಜರೂರು, ಈ ಕೆಳಗಿನ ನಮೂನೆಯನ್ನು ಇಂದೇ ಮಧ್ಯಾಹ್ನ ಮೂರರೊಳಗೆ ಭರ್ತಿ ಮಾಡಿ ಕಳುಹಿಸುವುದು, ತಪ್ಪಿದ್ದಲ್ಲಿ ಸಂಬಂಧಿಸಿದವರನ್ನೇ ನೇರ ಹೊಣೆಗಾರರನ್ನಾಗಿ ಮಾಡಲಾಗುವುದು. ನಾಲ್ಕನೇ ತರಗತಿಯ ಹುಡುಗಿ ಭಾಗಾಕಾರದ ಲೆಕ್ಕ ಹಿಡಿದು ಮೇಜಿನ ಪಕ್ಕ ನಿಂತಿರುತ್ತಾಳೆ. ಶೇಷ ಎಲ್ಲಿ ಬರೆಯಬೇಕು ಎಂಬುದು ಅವಳ ಪ್ರಶ್ನೆ. ಒಂದು ನಿಮಿಷ ತಡಿಯಮ್ಮ ಎನ್ನುತ್ತಾರೆ ಮೇಷ್ಟ್ರು. ಆ ಒಂದು ನಿಮಿಷ ದಿನದಲ್ಲಿ ಎಷ್ಟು ಸಲ ಬರುತ್ತದೆ ಎಂಬುದನ್ನು ಯಾವ ಆ್ಯಪ್ ಕೂಡ ದಾಖಲಿಸುವುದಿಲ್ಲ.

ಸಂಜೆ ಮನೆಗೆ ಹೋದ ಮೇಲೂ ಕೆಲಸ ಬೆನ್ನು ಬಿಡುವುದಿಲ್ಲ. ಹಗಲು ಸರ್ವರ್ ಬ್ಯುಸಿ, ರಾತ್ರಿ ಹತ್ತರ ನಂತರ ಆರಾಮಾಗಿ ತೆರೆದುಕೊಳ್ಳುತ್ತದೆ ಎಂದು ಶಿಕ್ಷಕರೇ ಪರಸ್ಪರ ಹೇಳಿಕೊಳ್ಳುತ್ತಾರೆ. ಎಫ್‌ಎ, ಎಸ್‌ಎ ಮೌಲ್ಯಮಾಪನಗಳ ಅಂಕಗಳನ್ನು ಏರಿಸುವುದು, ಮಕ್ಕಳ ಆಧಾರ್ ಹೆಸರಿಗೂ ಶಾಲೆಯ ದಾಖಲೆಯ ಹೆಸರಿಗೂ ತಾಳೆ ನೋಡುವುದು, ವಿದ್ಯಾರ್ಥಿಗಳ ಗುರುತಿನ ಸಂಖ್ಯೆಯಾದ ಅಪಾರ್ ಐಡಿ, ಕೇಂದ್ರದ ಶಾಲಾ ದತ್ತಾಂಶವಾದ ಯು-ಡೈಸ್ ಪ್ಲಸ್ ತಿದ್ದುಪಡಿ, ದೀಕ್ಷಾ ವೇದಿಕೆಯಲ್ಲಿ ಮುಗಿಸಲೇಬೇಕಾದ ಕೋರ್ಸು, ಇವೆಲ್ಲ ಊಟದ ನಂತರದ ಕೆಲಸಗಳು. ಬೆಳಿಗ್ಗೆ ಎದ್ದು ನೋಡಿದರೆ ಗುಂಪಿನಲ್ಲಿ ಬಾಕಿ ಉಳಿಸಿಕೊಂಡವರ ಪಟ್ಟಿ ಬಂದಿರುತ್ತದೆ. ತಾಲ್ಲೂಕಿನ ನೂರಾರು ಸಹೋದ್ಯೋಗಿಗಳ ಕಣ್ಣೆದುರು ತನ್ನ ಶಾಲೆಯ ಹೆಸರು ಕೆಂಪು ಅಕ್ಷರದಲ್ಲಿ ಕಾಣಿಸುವುದಕ್ಕೆ ಹೆದರಿ ನಿದ್ದೆಗೆಡುವ ಶಿಕ್ಷಕಿಗೆ ಯಂತ್ರದ ಅಂಜಿಕೆ ಇದೆ ಎಂದು ಷರಾ ಬರೆಯುವುದು ಅನ್ಯಾಯ. ಅವಳ ಅಂಜಿಕೆ ಅವಮಾನದ್ದು.

ಇನ್ನು ಒಂದೊಂದೇ ವಾದಕ್ಕೆ ಬರೋಣ.

ಮೊದಲನೆಯದು, ಡಿಜಿಟಲ್ ವ್ಯವಸ್ಥೆ ಶಿಕ್ಷಕರ ಹೊರೆ ಇಳಿಸಿದೆ ಎಂಬುದು. ಕಾಗದ ಪತ್ರದ ಕಾಟ ತಪ್ಪಿತು, ಒಂದು ಕ್ಲಿಕ್ಕಿನಲ್ಲಿ ಮಾಹಿತಿ ಹೋಗುತ್ತದೆ ಎನ್ನುತ್ತಾರೆ. ಶಾಲೆಯ ಬೀರು ತೆರೆದು ನೋಡಿದರೆ ಸಾಕು. ಹಾಜರಿ ಪುಸ್ತಕ, ದಾಖಲಾತಿ ವಹಿ, ಅಕ್ಷರ ದಾಸೋಹದ ದಾಸ್ತಾನು ವಹಿ, ಹಾಲಿನ ಪುಡಿಯ ಲೆಕ್ಕ, ಮೊಟ್ಟೆಯ ಲೆಕ್ಕ ಎಲ್ಲವೂ ಅಲ್ಲೇ ಇವೆ. ತಪಾಸಣೆಗೆ ಬಂದವರು ಕೇಳುವುದು ಅವನ್ನೇ. ಬರೆದದ್ದನ್ನು ಮತ್ತೆ ಸ್ಯಾಟ್ಸ್‌ಗೆ ತುಂಬಬೇಕು. ಸ್ಯಾಟ್ಸ್‌ಗೆ ತುಂಬಿದ್ದರಲ್ಲಿ ಹಲವನ್ನು ಯು-ಡೈಸ್ ಪ್ಲಸ್‌ಗೆ ಇನ್ನೊಮ್ಮೆ ತುಂಬಬೇಕು. ಎರಡರಲ್ಲೂ ಇರುವ ಅದೇ ಅಂಕಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿ ಗೂಗಲ್ ಶೀಟಿನಲ್ಲಿ ಮತ್ತೊಮ್ಮೆ ಕೇಳುತ್ತದೆ. ಒಂದು ಕೆಲಸ ನಾಲ್ಕಾಯಿತು. ಇಷ್ಟನ್ನೂ ಮಾಡಲು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಗುಮಾಸ್ತರೆಂಬುವರು ಇಲ್ಲ. ರಾಜ್ಯದಲ್ಲಿ ಸಾವಿರಾರು ಏಕೋಪಾಧ್ಯಾಯ ಶಾಲೆಗಳಿವೆ. ಅಲ್ಲಿ ಗುಮಾಸ್ತ, ಅಡುಗೆಯ ಮೇಲ್ವಿಚಾರಕ, ಮುಖ್ಯಶಿಕ್ಷಕ, ಐದು ತರಗತಿಗಳ ಮೇಷ್ಟ್ರು ಎಲ್ಲ ಒಬ್ಬರೇ.

ಹೀಗೇಕಾಯಿತು ಎಂಬುದಕ್ಕೆ ಸರಳ ಕಾರಣವಿದೆ. ಹಿಂದೆ ಶಾಲೆಯಿಂದ ಮಾಹಿತಿ ಬೇಕಾದರೆ ಕಚೇರಿಯಲ್ಲಿ ಕಡತ ಏಳಬೇಕಿತ್ತು, ಪತ್ರ ಟೈಪಾಗಬೇಕಿತ್ತು, ಸಹಿಯಾಗಬೇಕಿತ್ತು, ಅಂಚೆಗೋ ಆಳಿನ ಕೈಗೋ ಹೋಗಬೇಕಿತ್ತು. ಕೇಳುವವರಿಗೂ ಶ್ರಮವಿದ್ದುದರಿಂದ ನಿಜವಾಗಿ ಬೇಕಾದುದನ್ನಷ್ಟೇ ಕೇಳುತ್ತಿದ್ದರು, ವಾರವೋ ಹದಿನೈದು ದಿನವೋ ಗಡುವು ಕೊಡುತ್ತಿದ್ದರು. ಮೊಬೈಲ್ ಬಂದ ಮೇಲೆ ಕೇಳುವವರ ಶ್ರಮ ಸೊನ್ನೆಯಾಯಿತು. ಉತ್ತರಿಸುವವರ ಶ್ರಮ ಮಾತ್ರ ಇದ್ದಷ್ಟೇ ಉಳಿಯಿತು. ಬೆಂಗಳೂರಿನಲ್ಲಿ ಎದ್ದ ಒಂದು ಪ್ರಶ್ನೆ ಜಿಲ್ಲೆ, ತಾಲ್ಲೂಕು, ಕ್ಲಸ್ಟರ್‌ಗಳನ್ನು ದಾಟಿ ಕೆಲವೇ ನಿಮಿಷಗಳಲ್ಲಿ ರಾಜ್ಯದ ಎಲ್ಲ ಶಾಲೆಗಳ ಬಾಗಿಲಿಗೆ ಬರುತ್ತದೆ. ದಾರಿಯಲ್ಲಿ ಪ್ರತಿಯೊಬ್ಬರೂ ತಮ್ಮ ಮೇಲಿನವರಿಗೆ ಒಂದು ಗಂಟೆ ಮೊದಲೇ ಕೊಡಬೇಕೆಂದು ಗಡುವಿನಿಂದ ಒಂದೊಂದು ಗಂಟೆ ಕಡಿತ ಮಾಡುತ್ತಾರೆ. ಮಾಹಿತಿ ಈಗಾಗಲೇ ತಂತ್ರಾಂಶದಲ್ಲಿದೆಯೇ ಎಂದು ಹುಡುಕುವುದಕ್ಕಿಂತ ಗುಂಪಿಗೆ ಸಂದೇಶ ಹಾಕುವುದು ಸುಲಭ. ಹಾಗಾಗಿ ಯಾರೂ ಹುಡುಕುವುದಿಲ್ಲ. ಡಿಜಿಟಲ್ ವ್ಯವಸ್ಥೆ ಹೊರೆ ಇಳಿಸಿದೆ ಎಂಬ ಮಾತು ಸುಳ್ಳಲ್ಲ. ಇಳಿದದ್ದು ಕಚೇರಿಯ ಹೊರೆ, ಅದು ಜಾರಿ ಬಿದ್ದದ್ದು ತರಗತಿಯ ಮೇಲೆ.

ಈ ಹೊರೆಯ ಅಳತೆ ಸರ್ಕಾರಕ್ಕೇ ಗೊತ್ತಿದೆ. ರಾಷ್ಟ್ರೀಯ ಶೈಕ್ಷಣಿಕ ಯೋಜನೆ ಮತ್ತು ಆಡಳಿತ ಸಂಸ್ಥೆ 2018ರಲ್ಲಿ ಹೊರತಂದ ಅಧ್ಯಯನದಲ್ಲಿ ಶಿಕ್ಷಕರ ವಾರ್ಷಿಕ ಶಾಲಾ ಅವಧಿಯಲ್ಲಿ ಬೋಧನೆಗೆ ಸಿಗುತ್ತಿದ್ದುದು ಶೇ 19.1 ಮಾತ್ರ. ಉಳಿದದ್ದು ಬೋಧನೆಗೆ ಪೂರಕವಾದ ಕೆಲಸ, ಶಾಲೆಯ ಆಡಳಿತದ ಕೆಲಸ ಮತ್ತು ಬೇರೆ ಇಲಾಖೆಗಳ ಕೆಲಸಕ್ಕೆ ಹೋಗುತ್ತಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಬೋಧನೆಗೆ ನೇರ ಸಂಬಂಧವಿಲ್ಲದ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎಂದಿತು. ಶಿಕ್ಷಣ ಹಕ್ಕು ಕಾಯ್ದೆ ಅದಕ್ಕೂ ಹನ್ನೊಂದು ವರ್ಷ ಮೊದಲೇ, 2009ರಲ್ಲೇ, ಇದನ್ನು ಕಾನೂನಾಗಿ ಬರೆದಿತ್ತು. ಅದರ 27ನೇ ಕಲಂ ಪ್ರಕಾರ ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ ಮತ್ತು ಸ್ಥಳೀಯ ಸಂಸ್ಥೆ, ವಿಧಾನಸಭೆ, ಸಂಸತ್ತಿನ ಚುನಾವಣೆ, ಇವನ್ನು ಬಿಟ್ಟು ಬೇರೆ ಯಾವ ಶಿಕ್ಷಣೇತರ ಕೆಲಸಕ್ಕೂ ಶಿಕ್ಷಕರನ್ನು ಬಳಸುವಂತಿಲ್ಲ. ಕಾನೂನೂ ಇದೆ, ನೀತಿಯೂ ಇದೆ, ಅಂಕಿಯೂ ಇದೆ. ಇಷ್ಟಿದ್ದೂ ಪ್ರತಿವರ್ಷ ಆ್ಯಪ್‌ಗಳ ಸಂಖ್ಯೆ ಏರುತ್ತಲೇ ಇದೆ.

ಎರಡನೆಯ ವಾದ, ಶಿಕ್ಷಕರಿಗೆ ತಂತ್ರಜ್ಞಾನ ಬಾರದು ಎಂಬುದು. ಕರ್ನಾಟಕದ ಶಿಕ್ಷಕರ ಬಗ್ಗೆ ತಿಳಿಯದವರು ಮಾತ್ರ ಹೀಗೆನ್ನಬಲ್ಲರು. ಇಲ್ಲಿನ ಪ್ರೌಢಶಾಲಾ ಶಿಕ್ಷಕರು ವರ್ಷಗಳ ಹಿಂದೆಯೇ ವಿಷಯವಾರು ವೇದಿಕೆ ಕಟ್ಟಿಕೊಂಡು ಪ್ರಶ್ನೆಪತ್ರಿಕೆ, ಪಾಠಯೋಜನೆ, ಜಿಯೋಜೀಬ್ರಾದ ಚಿತ್ರಗಳನ್ನು ಹಂಚಿಕೊಂಡವರು. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ವಿಕಿ ತಾಣಕ್ಕೆ ಕನ್ನಡದಲ್ಲಿ ಪಾಠಸಾಮಗ್ರಿ ಬರೆದವರಲ್ಲಿ ಅವರಿದ್ದಾರೆ. ಕೊರೊನಾದಿಂದಾಗಿ 2020ರಲ್ಲಿ ಶಾಲೆಗಳು ಮುಚ್ಚಿದಾಗ ಅಡುಗೆಮನೆಯ ಗೋಡೆಗೆ ಕರಿಹಲಗೆ ಒರಗಿಸಿ ವಿಡಿಯೊ ಪಾಠ ಮಾಡಿದವರು, ಮೊಬೈಲ್ ಇಲ್ಲದ ಮಕ್ಕಳಿಗಾಗಿ ವಿದ್ಯಾಗಮ ಕಾರ್ಯಕ್ರಮದಲ್ಲಿ ವಠಾರಗಳಿಗೆ, ದೇವಸ್ಥಾನದ ಜಗಲಿಗಳಿಗೆ ಹೋದವರು ಇದೇ ಶಿಕ್ಷಕರು. ಆಗ ಯಾರೂ ಅವರನ್ನು ಹೊಸತಕ್ಕೆ ಹೊಂದಿಕೊಳ್ಳದವರು ಎನ್ನಲಿಲ್ಲ. ನಿನ್ನೆ ಮೊನ್ನೆ ಸೇವೆಗೆ ಸೇರಿದ, ಕೈಯಲ್ಲಿ ಮೊಬೈಲ್ ಹಿಡಿದೇ ಬೆಳೆದ ಇಪ್ಪತ್ತೇಳರ ತರುಣ ಶಿಕ್ಷಕನೂ ಇಂದು ಐವತ್ತೈದರ ಹಿರಿಯರಷ್ಟೇ ಸುಸ್ತಾಗಿದ್ದಾನೆ. ಅದೂ ಸಾಲದೆಂಬಂತೆ, ಅವನಿಗೆ ಚೆನ್ನಾಗಿ ಬರುತ್ತದೆ ಎಂಬ ಕಾರಣಕ್ಕೇ ಪಕ್ಕದ ಶಾಲೆಯ ಎಂಟ್ರಿಯೂ ಅವನ ತಲೆಗೆ ಬೀಳುತ್ತದೆ. ಬಾರದಿರುವುದೇ ಕಾಯಿಲೆಗೆ ಕಾರಣವಾಗಿದ್ದರೆ ಬಲ್ಲವನಿಗೆ ಅದು ಬರಬಾರದಿತ್ತು.

ತಪ್ಪನ್ನು ದುಡಿಯುವವರ ಮೇಲೆ ಹಾಕುವ ಈ ಚಾಳಿ ಹಳೆಯದು. 1984ರಲ್ಲಿ ಅಮೆರಿಕದ ಮನೋವಿಜ್ಞಾನಿ ಕ್ರೇಗ್ ಬ್ರಾಡ್ ಟೆಕ್ನೋಸ್ಟ್ರೆಸ್, ಅಂದರೆ ತಂತ್ರಜ್ಞಾನದ ಒತ್ತಡ, ಎಂಬ ಹೆಸರಿನಲ್ಲೇ ಪುಸ್ತಕ ಬರೆದು, ಹೊಸ ಕಂಪ್ಯೂಟರ್ ತಂತ್ರಜ್ಞಾನದೊಂದಿಗೆ ಆರೋಗ್ಯಕರವಾಗಿ ಹೊಂದಿಕೊಳ್ಳಲಾಗದ್ದರಿಂದ ಬರುವ ಕಾಯಿಲೆ ಇದು ಎಂದ. ಆದರೆ ಸಂಶೋಧನೆ ಅಲ್ಲಿಗೇ ನಿಲ್ಲಲಿಲ್ಲ. ಮೋನಿದೀಪಾ ತರಫ್ದಾರ್ ಮತ್ತು ಅವರ ಸಹ ಸಂಶೋಧಕರು 2007ರ ಹೊತ್ತಿಗೆ ಈ ಒತ್ತಡದ ಬೇರುಗಳನ್ನು ಐದಾಗಿ ಬಿಡಿಸಿ ತೋರಿಸಿದರು. ತಂತ್ರಜ್ಞಾನದ ಮೂಲಕ ಬಂದು ಬೀಳುವ ಅತಿಯಾದ ಕೆಲಸ, ಖಾಸಗಿ ಬದುಕಿನೊಳಗೆ ಅದರ ನುಗ್ಗುವಿಕೆ, ಅದರ ಜಟಿಲತೆ, ಕೆಲಸ ಹೋದೀತೆಂಬ ಅಭದ್ರತೆ, ಮೇಲಿಂದ ಮೇಲೆ ಬದಲಾಗುವ ವ್ಯವಸ್ಥೆಯ ಅನಿಶ್ಚಿತತೆ. ತರಬೇತಿ ಮುಟ್ಟುವುದು ಇವುಗಳಲ್ಲಿ ಮೂರನೆಯದೊಂದನ್ನು. ಉಳಿದ ನಾಲ್ಕರ ಬೇರು ಕಚೇರಿಯಲ್ಲಿದೆ. ಜಟಿಲತೆಯನ್ನು ಎಷ್ಟೇ ಕಲಿಸಿಕೊಟ್ಟರೂ ರಾತ್ರಿ ಹತ್ತರ ಸಂದೇಶ ಬರುವುದು ನಿಲ್ಲುವುದಿಲ್ಲ. ಇನ್ನೂ ವಿಪರೀತವೆಂದರೆ ತರಬೇತಿಯೇ ಆನ್‌ಲೈನ್ ಆಗಿ, ಕೋರ್ಸು ಮುಗಿಸಿದ ಪ್ರಮಾಣಪತ್ರದ ಸ್ಕ್ರೀನ್‌ಶಾಟ್ ಗುಂಪಿಗೆ ಹಾಕಬೇಕಾಗಿ ಬಂದಿರುವುದು. ಹೊರೆಗೆ ಮದ್ದೆಂದು ಕೊಟ್ಟದ್ದೇ ಇನ್ನೊಂದು ಹೊರೆಯಾಗಿದೆ.

ಮೂರನೆಯ ವಾದ ಹಿತೋಪದೇಶದ್ದು. ಪರದೆಯ ಮುಂದೆ ಕೂರುವ ಹೊತ್ತು ಕಡಿಮೆ ಮಾಡಿ, ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಿ, ಪ್ರಾಣಾಯಾಮ ಮಾಡಿ. ಈ ಸಲಹೆಗಳ ಹಿಂದೆ ಇರುವ ವೈದ್ಯಕೀಯ ಸತ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಪರದೆಯನ್ನು ದಿಟ್ಟಿಸುವಾಗ ನಾವು ರೆಪ್ಪೆ ಬಡಿಯುವುದು ಗಣನೀಯವಾಗಿ ಕಡಿಮೆಯಾಗುತ್ತದೆ, ಕಣ್ಣೀರಿನ ಪೊರೆ ಒಣಗುತ್ತದೆ, ಕಣ್ಣು ಉರಿಯುತ್ತದೆ. ಅಂಗೈಯಗಲದ ಪರದೆಯಲ್ಲಿ ಎಕ್ಸೆಲ್ ಹಾಳೆಯ ಸಣ್ಣ ಚೌಕಗಳನ್ನು ತುಂಬಲು ಕತ್ತು ಬಗ್ಗಿಸಿ ಕೂತರೆ ಕುತ್ತಿಗೆ, ಹೆಗಲು, ಹೆಬ್ಬೆರಳು ನೋಯುತ್ತವೆ. ಶಿಕ್ಷಕರಿಗೆ ಇದರ ಮೇಲೆ ದಿನವಿಡೀ ಗಟ್ಟಿಯಾಗಿ ಮಾತಾಡುವ ಗಂಟಲಿನ ಶ್ರಮ, ನಿಂತೇ ಇರುವ ಕಾಲಿನ ಶ್ರಮ. ಹಿಂದೆ ಬಿಡುವಿನ ಅವಧಿಯಲ್ಲಿ ಗಂಟಲಿಗೂ ಕಾಲಿಗೂ ವಿಶ್ರಾಂತಿ ಇತ್ತು. ಈಗ ಆ ಬಿಡುವನ್ನು ಮೊಬೈಲ್ ನುಂಗಿದೆ.

ಆದರೆ ಸಲಹೆ ಪಾಲಿಸಲು ಸ್ವಾತಂತ್ರ್ಯ ಬೇಕು. ತನ್ನ ಖುಷಿಗೆ ರೀಲ್ಸ್ ನೋಡುವವನಿಗೆ ಮೊಬೈಲ್ ಕೆಳಗಿಡು ಎಂದರೆ ಅರ್ಥವಿದೆ. ನೋಡದಿದ್ದರೆ ನೋಟಿಸು ಬರುವ ಗುಂಪಿನಲ್ಲಿರುವವರಿಗೆ ಅದನ್ನೇ ಹೇಳಿದರೆ ಅವರ ಅಸಹಾಯಕತೆಗೆ ತಪ್ಪಿತಸ್ಥ ಭಾವವನ್ನೂ ಸೇರಿಸಿದಂತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಎಂಬುದನ್ನು ತನ್ನ ರೋಗಗಳ ವರ್ಗೀಕರಣದ ಹನ್ನೊಂದನೇ ಆವೃತ್ತಿಯಲ್ಲಿ ಸೇರಿಸುವಾಗ ಬಹಳ ಎಚ್ಚರದ ಮಾತು ಆಡಿತು. ಅದನ್ನು ಕಾಯಿಲೆ ಎನ್ನದೆ ವೃತ್ತಿಗೆ ಸಂಬಂಧಿಸಿದ ವಿದ್ಯಮಾನ ಎಂದು ಕರೆಯಿತು. ಕೆಲಸದ ಸ್ಥಳದಲ್ಲಿ ಸರಿಯಾಗಿ ನಿಭಾಯಿಸದೆ ಬಿಟ್ಟ ದೀರ್ಘಕಾಲದ ಒತ್ತಡ ಅದರ ಮೂಲ ಎಂದಿತು. ಶಕ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ನನ್ನಿಂದ ಏನೂ ಆಗುತ್ತಿಲ್ಲ ಅನ್ನಿಸುವುದು ಎಂಬ ಮೂರು ಲಕ್ಷಣಗಳನ್ನು ಹೇಳಿತು. ಶಾಲೆಗಳಲ್ಲಿ ಈ ಮೂರನ್ನೂ ಕಾಣಬಹುದು. ಪಾಠ ಮಾಡುವುದೇ ನಮಗೆ ಈಗ ಹೆಚ್ಚುವರಿ ಕೆಲಸ ಸಾರ್ ಎನ್ನುವ ಶಿಕ್ಷಕರ ಮಾತಿನಲ್ಲಿ ಮೂರೂ ಒಟ್ಟಿಗೆ ಇವೆ.

ಒತ್ತಡ ದೇಹವನ್ನು ಹೇಗೆ ಕೆಡಿಸುತ್ತದೆ ಎಂಬುದಕ್ಕೆ ಸರ್ಕಾರಿ ನೌಕರರ ಮೇಲೆಯೇ ನಡೆದ ಪ್ರಸಿದ್ಧ ಅಧ್ಯಯನವೊಂದಿದೆ. 1985ರಲ್ಲಿ ಮೈಕೆಲ್ ಮಾರ್ಮಟ್ ನೇತೃತ್ವದಲ್ಲಿ ಲಂಡನ್ನಿನಲ್ಲಿ ಆರಂಭವಾದ ಎರಡನೇ ವೈಟ್‌ಹಾಲ್ ಅಧ್ಯಯನ ಹತ್ತು ಸಾವಿರಕ್ಕೂ ಹೆಚ್ಚು ನೌಕರರನ್ನು ವರ್ಷಗಟ್ಟಲೆ ಹಿಂಬಾಲಿಸಿತು. ತಮ್ಮ ಕೆಲಸದ ಮೇಲೆ ಹತೋಟಿ ಕಡಿಮೆ ಇದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಂಡಿತು. ಏನು, ಯಾವಾಗ, ಹೇಗೆ ಮಾಡಬೇಕು ಎಂಬುದನ್ನು ತಾನು ನಿರ್ಧರಿಸಲಾಗದ ಸ್ಥಿತಿ ಕೆಲಸದ ಪ್ರಮಾಣದಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ಅಪಾಯಕಾರಿ. ನಮ್ಮ ಶಿಕ್ಷಕರು ಬಲ್ಲ ಕೆಲಸವೆಂದರೆ ಪಾಠ. ಅದರಲ್ಲಿ ಅವರಿಗೆ ಹತೋಟಿ ಇತ್ತು. ಯಾವ ಮಗುವಿಗೆ ಯಾವಾಗ ಏನು ಹೇಳಬೇಕೆಂಬುದು ಅವರ ತೀರ್ಮಾನವಾಗಿತ್ತು. ಆ ಜಾಗಕ್ಕೆ ಈಗ ಬೇರೆಯವರ ಗಡುವು ಬಂದು ಕುಳಿತಿದೆ. ಎದೆಬಡಿತ ಏರುವುದಕ್ಕೆ ಸಂದೇಶ ಬರಲೇಬೇಕಾಗಿಲ್ಲ, ಬಂದೀತು ಎಂಬ ನಿರೀಕ್ಷೆಯೇ ಸಾಕು. ಪ್ರಾಥಮಿಕ ಶಾಲೆಗಳಲ್ಲಿ ದೊಡ್ಡ ಸಂಖ್ಯೆಯಲ್ಲಿರುವ ಶಿಕ್ಷಕಿಯರ ಪಾಡು ಇನ್ನೂ ಕಷ್ಟ. ಸಂಜೆ ಮನೆಯ ಕೆಲಸ ಮುಗಿಸಿ, ತಮ್ಮ ಮಕ್ಕಳ ಹೋಮ್‌ವರ್ಕ್ ನೋಡಿ, ಎಲ್ಲರೂ ಮಲಗಿದ ಮೇಲೆ ಅವರು ಮೊಬೈಲ್ ಹಿಡಿಯುತ್ತಾರೆ. ಗೌರವಧನದ ಮೇಲೆ ದುಡಿಯುವ ಅತಿಥಿ ಶಿಕ್ಷಕರು ತಮ್ಮ ದುಡ್ಡಿನಲ್ಲಿ ಡೇಟಾ ಹಾಕಿಸಿಕೊಂಡು ಇಲಾಖೆಯ ಕೆಲಸ ಮಾಡುತ್ತಾರೆ.

ನಾಲ್ಕನೆಯ ವಾದ ಹೆಚ್ಚು ಗಟ್ಟಿಯಾದದ್ದು, ಸಾರ್ವಜನಿಕರಿಗೂ ಹಿಡಿಸುವಂಥದ್ದು. ಮೇಷ್ಟ್ರುಗಳು ಶಾಲೆಗೆ ಚಕ್ಕರ್ ಹೊಡೆಯುತ್ತಾರೆ, ಆದ್ದರಿಂದ ಫೋಟೊ, ಲೊಕೇಶನ್, ಮುಖಚಹರೆಯ ಹಾಜರಾತಿ ಬೇಕೇ ಬೇಕು ಎನ್ನುತ್ತದೆ ಅದು. ಸಾರ್ವಜನಿಕ ಹಣದಲ್ಲಿ ಸಂಬಳ ಪಡೆಯುವವರು ಲೆಕ್ಕ ಕೊಡಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಕೆಲಸ ಮಾಡದ ಶಿಕ್ಷಕರಿದ್ದಾರೆ, ಅವರ ಮೇಲೆ ಕ್ರಮ ಆಗಲೇಬೇಕು. ಆದರೆ ಅವರೆಷ್ಟು ಮಂದಿ? ಅಜೀಂ ಪ್ರೇಮ್‌ಜಿ ಫೌಂಡೇಶನ್ ಆರು ರಾಜ್ಯಗಳ 619 ಶಾಲೆಗಳಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾರಣವಿಲ್ಲದೆ ಗೈರಾದ ಶಿಕ್ಷಕರು ಶೇ 2.5 ಮಾತ್ರ. ಶಾಲೆಯಲ್ಲಿ ಕಾಣದ ಉಳಿದವರು ರಜೆಯಲ್ಲಿದ್ದರು ಅಥವಾ ಇಲಾಖೆಯೇ ಒಪ್ಪಿಸಿದ ಕೆಲಸದ ಮೇಲೆ ಹೋಗಿದ್ದರು. ನೂರರಲ್ಲಿ ಎರಡು ಮೂರು ಮಂದಿಯನ್ನು ಹಿಡಿಯಲು ಉಳಿದ ತೊಂಬತ್ತೇಳು ಮಂದಿಯನ್ನು ದಿನಾ ಶಂಕಿತರಂತೆ ಕ್ಯಾಮೆರಾದ ಮುಂದೆ ನಿಲ್ಲಿಸುವುದು ಹೊಣೆಗಾರಿಕೆಯ ದಾರಿಯಲ್ಲ. ಉತ್ತರ ಪ್ರದೇಶ ಸರ್ಕಾರ 2024ರ ಜುಲೈ 8ರಿಂದ ಶಿಕ್ಷಕರ ಡಿಜಿಟಲ್ ಹಾಜರಾತಿ ಕಡ್ಡಾಯ ಮಾಡಿತು. ಶಿಕ್ಷಕರು ರಾಜ್ಯದಾದ್ಯಂತ ಪ್ರತಿಭಟಿಸಿದರು. ಮಳೆಗಾಲದಲ್ಲಿ ನೀರು ನಿಂತ ರಸ್ತೆ, ಸಿಗದ ನೆಟ್‌ವರ್ಕ್, ತುರ್ತಿಗೆ ಅರ್ಧ ದಿನದ ರಜೆಯೂ ಇಲ್ಲದ ನಿಯಮ, ಇವೆಲ್ಲ ಚರ್ಚೆಗೆ ಬಂದವು. ಎಂಟೇ ದಿನದಲ್ಲಿ ಸರ್ಕಾರ ಅದನ್ನು ತಡೆಹಿಡಿದು ಸಮಿತಿ ರಚಿಸಬೇಕಾಯಿತು. ಕರ್ನಾಟಕದಲ್ಲೂ ಮುಖಚಹರೆಯ ಹಾಜರಾತಿಯ ಮಾತು ಕೇಳಿಬರುತ್ತಿದೆ. ಉತ್ತರ ಪ್ರದೇಶದ ಅನುಭವ ನಮ್ಮವರ ಗಮನದಲ್ಲಿರಲಿ.

ಇನ್ನೊಂದು ಮಾತಿದೆ. ಬಾಗಿಲಿನಲ್ಲಿ ಮುಖ ತೋರಿಸಿದ ಶಿಕ್ಷಕ ಒಳಗೆ ಹೋಗಿ ಪಾಠ ಮಾಡಿದನೋ ಇಲ್ಲವೋ ಎಂಬುದನ್ನು ಯಂತ್ರ ಹೇಳಲಾರದು. ಅದನ್ನು ಹೇಳಬಲ್ಲವರು ಮಕ್ಕಳು, ಪೋಷಕರು, ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿ ಸದಸ್ಯರು, ತರಗತಿಯಲ್ಲಿ ಕೂತು ನೋಡುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಾದ ಸಿಆರ್‌ಪಿಗಳು. ಆ ಸಿಆರ್‌ಪಿಗಳೇ ಇಂದು ಶಾಲೆಗೆ ಹೋಗಿ ಶಿಕ್ಷಕರಿಗೆ ನೆರವಾಗುವ ಬದಲು ಬಾಕಿ ಪಟ್ಟಿ ಹಿಡಿದು ಫೋನ್ ಮಾಡುತ್ತಾ ಕೂರಬೇಕಾಗಿದೆ. ಅವರ ಆರೋಗ್ಯದ ಕತೆಯೂ ಶಿಕ್ಷಕರದ್ದಕ್ಕಿಂತ ಬೇರೆಯಲ್ಲ.

ಇದೆಲ್ಲ ಹೇಗೆ ಒಂದೆಡೆ ಸೇರುತ್ತದೆ ಎಂಬುದನ್ನು 2025ರ ದಸರಾ ತೋರಿಸಿತು. ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಸೆಪ್ಟೆಂಬರ್ 22ರಂದು ಶುರುವಾಯಿತು. ಗಣತಿದಾರರಾಗಿ ಹೆಚ್ಚಾಗಿ ನಿಯೋಜನೆಗೊಂಡವರು ಶಿಕ್ಷಕರು. 60 ಪ್ರಶ್ನೆಗಳನ್ನು ಮೊಬೈಲ್ ಆ್ಯಪ್‌ನಲ್ಲಿ ತುಂಬಬೇಕು. ಆ್ಯಪ್ ತೆರೆಯುವುದಿಲ್ಲ, ಒಟಿಪಿ ಬರುವುದಿಲ್ಲ, ಹಂಚಿಕೆಯಾದ ಮನೆಗಳು ಒಂದಕ್ಕೊಂದು ಸಂಬಂಧವಿಲ್ಲದ ಊರುಗಳಲ್ಲಿವೆ ಎಂಬ ದೂರುಗಳು ಮೊದಲ ದಿನದಿಂದಲೇ ಬಂದವು. ಹಬ್ಬದ ರಜೆ ಕಳೆಯಿತು, ಕೆಲಸ ಮುಗಿಯಲಿಲ್ಲ. ಕೊನೆಗೆ ಶಾಲೆಗಳ ರಜೆಯನ್ನೇ ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಸಮೀಕ್ಷೆಯ ಉದ್ದೇಶದ ಬಗ್ಗೆ ನನ್ನ ತಕರಾರಿಲ್ಲ. ಹಿಂದುಳಿದವರ ಸ್ಥಿತಿಗತಿ ಅಂಕಿಸಂಖ್ಯೆಗಳಲ್ಲಿ ದಾಖಲಾಗಲೇಬೇಕು. ಗಣತಿದಾರರಿಗೆ ಗೌರವಧನವೂ ಇತ್ತು. ಆದರೆ 27ನೇ ಕಲಮಿನ ಪಟ್ಟಿಯಲ್ಲಿ ಈ ಕೆಲಸ ಇಲ್ಲ. ಕೆಟ್ಟುನಿಂತ ತಂತ್ರಾಂಶದ ದಂಡವನ್ನು ಬಿಸಿಲಲ್ಲಿ ಮನೆ ಮನೆ ತಿರುಗಿದ ಶಿಕ್ಷಕರು ತೆತ್ತರು, ಪಾಠ ತಪ್ಪಿದ ಮಕ್ಕಳು ತೆತ್ತರು. ಆ ದಿನಗಳಲ್ಲಿ ಅವರಿಗಿದ್ದ ಒತ್ತಡ ತರಬೇತಿಯ ಕೊರತೆಯಿಂದ ಬಂತು ಎಂದು ಯಾರಾದರೂ ಹೇಳಬಲ್ಲರೇ?

ತಂತ್ರಜ್ಞಾನವನ್ನೇ ಬೇಡವೆನ್ನುವ ಹಟ ನನಗಿಲ್ಲ. 2007ರ ಶಿಕ್ಷಕರ ವರ್ಗಾವಣೆ ಕಾಯ್ದೆಯ ನಂತರ ವರ್ಗಾವಣೆ ಕೌನ್ಸೆಲಿಂಗ್ ಗಣಕೀಕೃತವಾದಾಗ ಶಿಫಾರಸು ಪತ್ರ ಹಿಡಿದು ಅಲೆಯುವ ಪಾಡು ಎಷ್ಟೋ ಕಡಿಮೆಯಾಯಿತು. ಅದನ್ನು ಶಿಕ್ಷಕರು ಒಪ್ಪಿಕೊಂಡಿದ್ದಾರೆ. ಮಗು ಶಾಲೆ ಬದಲಿಸಿದಾಗ ಸ್ಯಾಟ್ಸ್ ಸಂಖ್ಯೆಯಿಂದ ಅದರ ಜಾಡು ಸಿಗುತ್ತದೆ, ಶಾಲೆ ಬಿಟ್ಟ ಮಕ್ಕಳನ್ನು ಹುಡುಕಲು ಅನುಕೂಲ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ತೆರೆದು ಜ್ವಾಲಾಮುಖಿಯ ಚಿತ್ರ ತೋರಿಸಿದಾಗ ಮಕ್ಕಳ ಮುಖ ಅರಳುವುದನ್ನು ಯಾವ ಶಿಕ್ಷಕರೂ ಬೇಡ ಎನ್ನುವುದಿಲ್ಲ. ಈ ಉದಾಹರಣೆಗಳಲ್ಲಿ ತಂತ್ರಜ್ಞಾನ ಶಿಕ್ಷಕರಿಗೋ ಮಗುವಿಗೋ ಒದಗಿತು. ಯುನೆಸ್ಕೊ 2023ರ ತನ್ನ ಜಾಗತಿಕ ಶಿಕ್ಷಣ ವರದಿಯಲ್ಲಿ ಶಿಕ್ಷಣದ ತಂತ್ರಜ್ಞಾನ ಯಾರ ಷರತ್ತಿನ ಮೇಲೆ ನಡೆಯಬೇಕು ಎಂದು ಶೀರ್ಷಿಕೆಯಲ್ಲೇ ಕೇಳಿತು. ನಮ್ಮಲ್ಲಿ ಆ ಷರತ್ತನ್ನು ಶಿಕ್ಷಕರು ಎಂದೂ ಬರೆದಿಲ್ಲ.

ಆದ್ದರಿಂದ ಪರಿಹಾರವೂ ಆದೇಶಗಳಲ್ಲೇ ಇರಬೇಕು. ಸ್ಯಾಟ್ಸ್‌ನಲ್ಲೋ ಯು-ಡೈಸ್‌ನಲ್ಲೋ ಇರುವ ಮಾಹಿತಿಯನ್ನು ಯಾವ ಅಧಿಕಾರಿಯೂ ಶಾಲೆಯಿಂದ ಮತ್ತೆ ಕೇಳಬಾರದು. ಅಲ್ಲಿ ಇಲ್ಲ ಎಂದು ತೋರಿಸುವ ಹೊಣೆ ಕೇಳುವವರದ್ದಾಗಲಿ. ಸಂಖ್ಯೆ, ದಿನಾಂಕ, ಸಹಿ ಇಲ್ಲದ ವಾಟ್ಸ್‌ಆ್ಯಪ್ ಸಂದೇಶ ಅಧಿಕೃತ ಆದೇಶವಲ್ಲ ಎಂದು ಸ್ಪಷ್ಟವಾಗಲಿ, ವಿಪತ್ತಿನ ಸಂದರ್ಭ ಬಿಟ್ಟರೆ ಕನಿಷ್ಠ ಮೂರು ಕೆಲಸದ ದಿನಗಳ ಗಡುವು ಇರಲಿ. ಬಾಕಿ ಉಳಿದವರ ಹೆಸರನ್ನು ಗುಂಪಿನಲ್ಲಿ ಪ್ರದರ್ಶಿಸುವುದು ನಿಲ್ಲಲಿ. ಪ್ರತಿ ಕ್ಲಸ್ಟರ್‌ಗೂ ಒಬ್ಬ ಡೇಟಾ ಎಂಟ್ರಿ ಸಹಾಯಕರನ್ನು ಕೊಡಲಿ. ಇಲಾಖೆಯ ಕೆಲಸಕ್ಕೆ ಇಲಾಖೆಯದೇ ಟ್ಯಾಬ್ ಮತ್ತು ಡೇಟಾ ಇರಲಿ, ಅದು ಶಾಲೆಯ ಬೀರುವಿನಲ್ಲೇ ಉಳಿಯಲಿ. ಹೊಸ ಆ್ಯಪ್ ತರುವ ಮೊದಲು ಅದಕ್ಕೆ ಶಿಕ್ಷಕರ ಎಷ್ಟು ನಿಮಿಷ ಬೇಕು, ಆ ನಿಮಿಷ ಎಲ್ಲಿಂದ ಬರುತ್ತದೆ, ಹಳೆಯ ಯಾವ ವಹಿ ಅಥವಾ ಆ್ಯಪ್ ನಿಲ್ಲುತ್ತದೆ ಎಂಬುದನ್ನು ಶಿಕ್ಷಕರ ಸಂಘದ ಜೊತೆ ಕೂತು ಬರೆಯಲಿ. ವರ್ಷಕ್ಕೊಮ್ಮೆ ಕಣ್ಣು, ಗಂಟಲು, ರಕ್ತದೊತ್ತಡದ ತಪಾಸಣೆಯನ್ನು ಅತಿಥಿ ಶಿಕ್ಷಕರಿಗೂ ಸೇರಿಸಿ ಮಾಡಲಿ.

ಎಲ್ಲಕ್ಕಿಂತ ಮುಖ್ಯವಾಗಿ, ಶಾಲಾ ಅವಧಿಯ ಹೊರಗೆ ಉತ್ತರಿಸದಿರುವ ಹಕ್ಕು ಶಿಕ್ಷಕರಿಗೆ ಬೇಕು. ಫ್ರಾನ್ಸ್ 2017ರಿಂದ ಕೆಲಸದ ಹೊತ್ತಿನಾಚೆ ಸಂಪರ್ಕ ಕಡಿದುಕೊಳ್ಳುವ ಹಕ್ಕನ್ನು ಕಾನೂನಿನಲ್ಲಿ ಒಪ್ಪಿಕೊಂಡಿದೆ. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ ಅಂಥ ಕಾನೂನು ಜಾರಿಯಲ್ಲಿದೆ. ನಮ್ಮ ಲೋಕಸಭೆಯಲ್ಲಿ ಸಂಸದೆ ಸುಪ್ರಿಯಾ ಸುಳೆ 2018ರಲ್ಲೇ ಇಂಥದೊಂದು ಖಾಸಗಿ ಮಸೂದೆ ಮಂಡಿಸಿದ್ದರು, ಅದು ಕಾಯ್ದೆಯಾಗಲಿಲ್ಲ. ಶಿಕ್ಷಣ ಇಲಾಖೆ ಸಂಸತ್ತಿಗಾಗಿ ಕಾಯಬೇಕಿಲ್ಲ. ಸಂಜೆ ಆರರಿಂದ ಬೆಳಿಗ್ಗೆ ಎಂಟರವರೆಗೆ ಹಾಗೂ ರಜಾದಿನಗಳಲ್ಲಿ ಮಾಹಿತಿ ಕೇಳುವಂತಿಲ್ಲ ಎಂಬ ಒಂದು ಸುತ್ತೋಲೆ ಸಾಕು.

ಇಷ್ಟು ಮಾಡಿದರೆ ಅಂಕಿಸಂಖ್ಯೆ ಸಕಾಲಕ್ಕೆ ಸಿಗುವುದಿಲ್ಲ ಎಂದು ಅಧಿಕಾರಿಗಳು ಹೇಳುತ್ತಾರೆ. ಈಗ ಸಿಗುತ್ತಿರುವ ಅಂಕಿಯ ಗುಣವೇನು ಎಂದು ಅವರು ತಮ್ಮನ್ನು ತಾವೇ ಕೇಳಿಕೊಳ್ಳಲಿ. ಗಡುವಿಗೆ ಹೆದರಿ ರಾತ್ರಿ ಹನ್ನೊಂದಕ್ಕೆ ತುಂಬಿದ ಅಂಕಿ ಕಚೇರಿಯ ತೃಪ್ತಿಗೆ ಸಾಕಾಗಬಹುದು, ಮಗುವಿನ ಕಲಿಕೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಕಡಿಮೆ ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ.

ಶಿಕ್ಷಕರ ಆರೋಗ್ಯ ಅವರ ಮನೆಯ ಖಾಸಗಿ ವಿಷಯವಾಗಿ ಉಳಿದಿಲ್ಲ. ಸರ್ಕಾರಿ ಶಾಲೆಗೆ ಬರುವ ಮಗುವಿಗೆ ಟ್ಯೂಷನ್ ಇಲ್ಲ, ಮನೆಯಲ್ಲಿ ಪಾಠ ಹೇಳಿಕೊಡುವವರು ಬಹುತೇಕ ಇಲ್ಲ. ಅದಕ್ಕಿರುವುದು ಆ ಮೇಷ್ಟ್ರು, ಆ ಟೀಚರಮ್ಮ. ಅವರ ಗಮನ ಚೂರಾದರೆ ಆ ಮಗುವಿಗೆ ಬೇರೆ ದಿಕ್ಕಿಲ್ಲ. ಯೋಗದ ಶಿಬಿರ, ಒತ್ತಡ ನಿರ್ವಹಣೆಯ ಉಪನ್ಯಾಸ, ಇನ್ನೊಂದು ಆನ್‌ಲೈನ್ ಕೋರ್ಸುಗಳಿಗೆ ಖರ್ಚು ಮಾಡುವ ಮೊದಲು ಇಲಾಖೆ ತನ್ನ ಆದೇಶಗಳನ್ನು ಎಣಿಸಲಿ, ಅರ್ಧದಷ್ಟನ್ನು ಕೈಬಿಡಲಿ. ಹೊಸ ಶೈಕ್ಷಣಿಕ ವರ್ಷಕ್ಕೆ ಶಾಲೆಗಳು ಆರಂಭವಾಗುವ ಮೊದಲು, ಸಂಜೆಯ ನಂತರ ಮಾಹಿತಿ ಕೇಳುವಂತಿಲ್ಲ ಎಂಬ ಆ ಸುತ್ತೋಲೆ ಹೊರಡಬೇಕು. ಅದು ಹೊರಡುವವರೆಗೆ ಶಿಕ್ಷಕರ ಕ್ಷೇಮದ ಬಗ್ಗೆ ಮಾತಾಡುವ ನೈತಿಕ ಅಧಿಕಾರ ಇಲಾಖೆಗಿಲ್ಲ.